ಕೂಡಬೇಕೆ, ಕಳೆಯಬೇಕೆ? ಹೇಳಿಕೆ ಲೆಕ್ಕಗಳ ಮುಂದೆ ನಿಂತ ಒಂದು ಐದನೇ ತರಗತಿ

ಮಧ್ಯ ಕರ್ನಾಟಕದ ಬಯಲುಸೀಮೆಯಲ್ಲಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಊರಿನ ಸುತ್ತ ಮೆಕ್ಕೆಜೋಳ, ಈರುಳ್ಳಿ, ಅಲ್ಲಲ್ಲಿ ಕುರಿ ಸಾಕಣೆ. ಐದನೇ ತರಗತಿಯಲ್ಲಿ ಮೂವತ್ತರ ಆಸುಪಾಸು ಮಕ್ಕಳು. ಗಣಿತ ಕಲಿಸುವ ಶಿಕ್ಷಕಿಯನ್ನು ಇಲ್ಲಿ ಸುಮಿತ್ರಾ ಎಂದು ಕರೆಯುತ್ತೇನೆ. ಮಕ್ಕಳ ಹೆಸರುಗಳನ್ನೂ ಬದಲಿಸಿದ್ದೇನೆ, ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಸುತ್ತಲಿನ ಶಾಲೆಗಳ ಸಮೂಹಕ್ಕೆ ಬೋಧನೆಯಲ್ಲಿ ನೆರವಾಗುವ ಸಂಪನ್ಮೂಲ ವ್ಯಕ್ತಿಯಾಗಿ, ಅಂದರೆ ಸಿಆರ್‌ಪಿಯಾಗಿ, ನಾನು ಒಂದು ಶೈಕ್ಷಣಿಕ ವರ್ಷದುದ್ದಕ್ಕೂ ಈ ತರಗತಿಯ ಹಿಂದಿನ ಸಾಲಿನಲ್ಲಿ ಆಗಾಗ ಕುಳಿತಿದ್ದೆ. ಪಾಠ ಅವರದು, ಟಿಪ್ಪಣಿ ನನ್ನದು.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಇದು ‘ಗಣಿತದಲ್ಲಿ ಹಿಂದುಳಿದ’ ತರಗತಿಯ ಕಥೆಯಲ್ಲ. ಸುಮಿತ್ರಾ ಹತ್ತು ವರ್ಷಕ್ಕೂ ಮೀರಿದ ಅನುಭವವಿರುವ, ಕೆಲಸದಲ್ಲಿ ಕಟ್ಟುನಿಟ್ಟಾದ ಶಿಕ್ಷಕಿ. ಅವರ ಮಕ್ಕಳಲ್ಲಿ ಹೆಚ್ಚಿನವರಿಗೆ ಮಗ್ಗಿ ಬಾಯಲ್ಲೇ ಇತ್ತು. ಕೈದಶಕ ತೆಗೆದುಕೊಂಡು ಕಳೆಯುವುದರಲ್ಲಿ ತಪ್ಪುತ್ತಿದ್ದವರು ಕಡಿಮೆ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಗಣಿತ ಪರೀಕ್ಷೆಯ ಕೊನೆಯ ಮೆಟ್ಟಿಲು. ಈ ತರಗತಿಯ ಬಹುಪಾಲು ಮಕ್ಕಳು ಅದನ್ನು ಸಲೀಸಾಗಿ ಹತ್ತುತ್ತಿದ್ದರು. ಜುಲೈನ ಮೊದಲ ರೂಪಣಾತ್ಮಕ ಮೌಲ್ಯಮಾಪನದಲ್ಲಿ, ಅಂದರೆ ಎಫ್‌ಎ–1ರಲ್ಲಿ, ನೇರ ಲೆಕ್ಕಗಳಿಗೆಲ್ಲ ಕೆಂಪು ಮಸಿಯ ಸರಿ ಗುರುತು ಬಿದ್ದಿತ್ತು. ಅದೇ ಲೆಕ್ಕಗಳನ್ನು ಮಾತಿನಲ್ಲಿ ಹೇಳಿದ ಕಡೆ ಮಾತ್ರ ಒಂದೋ ಖಾಲಿ ಜಾಗ, ಇಲ್ಲವೋ ಎಲ್ಲಿಂದ ಬಂತೆಂದು ತಿಳಿಯದ ಉತ್ತರ.

ಹೇಳಿಕೆ ಲೆಕ್ಕವನ್ನು ಹಲಗೆಯ ಮೇಲೆ ಬರೆದು ಮುಗಿಸುವ ಮೊದಲೇ ತರಗತಿಯಿಂದ ಒಂದು ಪ್ರಶ್ನೆ ಏಳುತ್ತಿತ್ತು: “ಮಿಸ್, ಕೂಡಬೇಕೋ ಕಳೆಯಬೇಕೋ?” ನಮ್ಮ ಸಮೂಹದ ಯಾವ ಶಾಲೆಗೆ ಹೋದರೂ ಇದು ಕೇಳಿಸುತ್ತದೆ. ಕೇಳಿ ಕೇಳಿ ಶಿಕ್ಷಕರಿಗೆ ಅದು ಪ್ರಶ್ನೆ ಎಂದೇ ಅನಿಸುವುದಿಲ್ಲ. ‘ಕಳೆಯಿರಿ’ ಎಂದುಬಿಟ್ಟರೆ ಮಕ್ಕಳು ಎರಡೇ ನಿಮಿಷದಲ್ಲಿ ಉತ್ತರ ತಂದು ತೋರಿಸುತ್ತಾರೆ, ಪಾಠ ಮುಂದಕ್ಕೆ ಹೋಗುತ್ತದೆ.

ತೊಂದರೆ ಓದಿನದೇ?

ಸುಮಿತ್ರಾ ಅವರ ಮೊದಲ ಅನುಮಾನ ಓದಿನ ಮೇಲಿತ್ತು. ಹೇಳಿಕೆಯನ್ನೇ ಓದಲಾಗದಿದ್ದರೆ ಲೆಕ್ಕ ಮಾಡುವುದೆಲ್ಲಿ? ಒಬ್ಬೊಬ್ಬರನ್ನೇ ಕರೆದು ಓದಿಸಿ ನೋಡಿದರು. ನಾಲ್ಕೈದು ಮಕ್ಕಳಿಗೆ ಒತ್ತಕ್ಷರಗಳಲ್ಲಿ ನಿಜವಾಗಿಯೂ ತೊಡಕಿತ್ತು. ಅವರಿಗೆ ಬೇರೆಯೇ ವ್ಯವಸ್ಥೆಯಾಯಿತು, ಆ ಕಥೆ ಇಲ್ಲಿ ಬೇಡ. ಉಳಿದವರು ಸರಾಗವಾಗಿ ಓದಿದರು. ಆದರೆ ಪುಸ್ತಕ ಮುಚ್ಚಿಸಿ “ಈಗ ಓದಿದ್ದರಲ್ಲಿ ಏನು ನಡೆಯಿತು, ಹೇಳು” ಎಂದಾಗ ಬಂದದ್ದು ಸಂಖ್ಯೆಗಳು ಮಾತ್ರ. “23 ಮತ್ತು 8, ಮಿಸ್.” ಯಾರ 23, ಯಾವುದರ 8 ಎಂದರೆ ಮೌನ.

ತರಗತಿಯ ಗೋಡೆಯ ಮೇಲೆ ಒಂದು ಚಾರ್ಟ್ ಇತ್ತು. ‘ಒಟ್ಟು, ಎಲ್ಲ ಸೇರಿ, ಹೆಚ್ಚು’ ಎಂದಿದ್ದರೆ ಸಂಕಲನ. ‘ಉಳಿದ, ಕಡಿಮೆ, ವ್ಯತ್ಯಾಸ’ ಎಂದಿದ್ದರೆ ವ್ಯವಕಲನ. ‘ತಲಾ, ಪ್ರತಿಯೊಂದಕ್ಕೂ’ ಗುಣಾಕಾರ, ‘ಸಮನಾಗಿ ಹಂಚಿದರೆ’ ಭಾಗಾಕಾರ. ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಅಚ್ಚುಕಟ್ಟಾಗಿ ಬರೆದದ್ದು. ಇಂಥ ಚಾರ್ಟ್ ನಮ್ಮಲ್ಲಿ ಅಪರೂಪವೇನಲ್ಲ, ಮಾರ್ಗದರ್ಶಿ ಪುಸ್ತಕಗಳಲ್ಲೂ ಇದೇ ಪಟ್ಟಿ ಸಿಗುತ್ತದೆ. ಮೂರನೇ ತರಗತಿಯ ಲೆಕ್ಕಗಳಿಗೆ ಅದು ಕೆಲಸವನ್ನೂ ಮಾಡುತ್ತದೆ. ಅಪಾಯ ಇರುವುದು ಅಲ್ಲೇ. ಎರಡು ವರ್ಷ ಕೈಹಿಡಿದು ನಡೆಸಿದ ಉಪಾಯವನ್ನು ಮಗು ಐದನೇ ತರಗತಿಯಲ್ಲಿ ಬಿಟ್ಟುಕೊಡುವುದಿಲ್ಲ.

ನಾವಿಬ್ಬರೂ ಸೇರಿ ಎರಡು ಪ್ರಶ್ನೆ ಕೊಟ್ಟು ನೋಡುವುದೆಂದು ನಿರ್ಧರಿಸಿದೆವು. ಒಂದು: ‘ರವಿಯ ಬಳಿ 23 ಗೋಲಿಗಳಿವೆ. ಇವು ಗೀತಾಳ ಬಳಿ ಇರುವುದಕ್ಕಿಂತ 8 ಹೆಚ್ಚು. ಗೀತಾಳ ಬಳಿ ಎಷ್ಟು ಗೋಲಿಗಳಿವೆ?’ ಬಹುತೇಕ ಎಲ್ಲರೂ 31 ಎಂದು ಬರೆದರು. ‘ಹೆಚ್ಚು’ ಎಂದಿದೆ, ಆದ್ದರಿಂದ ಕೂಡಿದರು. ಗೋಡೆ ಹೇಳಿದ್ದನ್ನೇ ಮಾಡಿದರು. ರವಿಗಿಂತ ಗೀತಾಳಿಗೇ ಹೆಚ್ಚು ಗೋಲಿ ಬಂದುಬಿಟ್ಟಿವೆ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ. ಗೋಲಿಯಾಟದಲ್ಲಿ ಒಂದೇ ಒಂದು ಗೋಲಿ ಹೆಚ್ಚುಕಡಿಮೆಯಾದರೂ ಜಗಳಕ್ಕೆ ನಿಲ್ಲುವ ಮಕ್ಕಳು ಇವರೇ.

ಎರಡನೆಯದು ಬೇಕೆಂದೇ ಕೊಟ್ಟ ಅಸಂಬದ್ಧ ಪ್ರಶ್ನೆ: ‘ಒಂದು ದೊಡ್ಡಿಯಲ್ಲಿ 12 ಕುರಿಗಳು, 5 ಮೇಕೆಗಳು ಇವೆ. ಕುರಿಗಾಹಿಯ ವಯಸ್ಸೆಷ್ಟು?’ ಇದು ನಮ್ಮ ಆವಿಷ್ಕಾರವಲ್ಲ. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಗಣಿತ ಬೋಧನೆಯ ಸಂಶೋಧಕರು ಪ್ರಾಥಮಿಕ ಶಾಲೆಯ ಮಕ್ಕಳಿಗೆ ‘ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕಪ್ತಾನನ ವಯಸ್ಸೆಷ್ಟು’ ಎಂದು ಕೇಳಿದ್ದರು. 97 ಮಕ್ಕಳಲ್ಲಿ 76 ಮಂದಿ ಆ ಎರಡು ಸಂಖ್ಯೆಗಳಿಂದಲೇ ಏನಾದರೊಂದು ವಯಸ್ಸು ಹೊರಡಿಸಿದ್ದರು. ನಮ್ಮ ತರಗತಿಯೂ ಗ್ರೆನೋಬ್ಲ್‌ಗೆ ಏನೂ ಕಡಿಮೆ ಬೀಳಲಿಲ್ಲ. ಹೆಚ್ಚಿನವರ ಉತ್ತರ 17. ಆದರೆ ಮಂಜುಳಾ ಎಂಬ ಹುಡುಗಿ 60 ಎಂದು ಬರೆದಿದ್ದಳು. ಏಕೆ ಗುಣಿಸಿದೆ ಎಂದು ಸುಮಿತ್ರಾ ಕೇಳಿದರು. ಅವಳು ಹೇಳಿದ್ದು: “ಹದಿನೇಳು ವರ್ಷದವರು ಕಾಲೇಜಿಗೆ ಹೋಗುತ್ತಾರೆ ಮಿಸ್. ಕುರಿ ಕಾಯುವವರು ತಾತನಷ್ಟು ದೊಡ್ಡವರಿರುತ್ತಾರೆ.”

ಈ ಉತ್ತರವನ್ನು ನಾನು ಹಲವು ತರಬೇತಿಗಳಲ್ಲಿ ಹೇಳಿದ್ದೇನೆ, ಪ್ರತಿ ಸಲವೂ ನಗು ಬರುತ್ತದೆ. ನಗುವುದಕ್ಕಿಂತ ಹೆಚ್ಚಿನದು ಅದರಲ್ಲಿದೆ. ಮಂಜುಳಾ ಯೋಚಿಸಿದ್ದಾಳೆ. ತನ್ನ ಊರಿನ ಅನುಭವಕ್ಕೆ ಉತ್ತರವನ್ನು ತಾಳೆ ಹಾಕಿದ್ದಾಳೆ, 17 ಒಪ್ಪಲಿಲ್ಲವಾದ್ದರಿಂದ ಬೇರೆ ಕ್ರಿಯೆ ಹುಡುಕಿದ್ದಾಳೆ. ಅವಳಿಗೆ ಹೊಳೆಯದೇ ಹೋದದ್ದು ಒಂದೇ: ಮಿಸ್ ಕೇಳಿದ ಪ್ರಶ್ನೆಗೆ ಉತ್ತರವೇ ಇಲ್ಲದಿರಬಹುದು ಎಂಬುದು. ಹಾಗೆ ಹೊಳೆಯುವುದಕ್ಕೆ ಶಾಲೆ ಅವಳಿಗೆ ಐದು ವರ್ಷಗಳಲ್ಲಿ ಒಂದೂ ಸಂದರ್ಭ ಕೊಟ್ಟಿರಲಿಲ್ಲ. ಮಕ್ಕಳಿಗೆ ಯೋಚಿಸಲು ಬಾರದು ಎಂಬ ನಮ್ಮ ಸಮಾಲೋಚನಾ ಸಭೆಗಳ ಮಾಮೂಲಿ ಮಾತಿಗೆ ಅಂದು ನನ್ನ ಮಟ್ಟಿಗೆ ಬೆಲೆ ಹೋಯಿತು. ಮಕ್ಕಳು ಚೆನ್ನಾಗಿಯೇ ಯೋಚಿಸುತ್ತಿದ್ದರು, ಆದರೆ ಗೋಲಿಯ ಬಗ್ಗೆಯೋ ಕುರಿಯ ಬಗ್ಗೆಯೋ ಅಲ್ಲ. ಮಿಸ್‌ಗೆ ಯಾವ ಕ್ರಿಯೆ ಬೇಕಾಗಿರಬಹುದು ಎಂಬುದರ ಬಗ್ಗೆ.

ಮೊದಲ ಪ್ರಯತ್ನ: ನಾಲ್ಕು ಹಂತಗಳು

ಸಮಸ್ಯೆ ಪರಿಹಾರ ಎಂದೊಡನೆ ನಮ್ಮ ತರಬೇತಿಗಳಲ್ಲಿ ಕೇಳಿಬರುವ ಹೆಸರು ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯಾ. ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳುವುದು, ಯೋಜನೆ ಹಾಕುವುದು, ಅದರಂತೆ ನಡೆಯುವುದು, ಹಿಂತಿರುಗಿ ನೋಡುವುದು ಎಂಬ ನಾಲ್ಕು ಹಂತಗಳನ್ನು ಆತ 1945ರಲ್ಲಿ ಬರೆದ. ಸುಮಿತ್ರಾ ಅದನ್ನೇ ಹಿಡಿದರು. ನೋಟ್‌ಬುಕ್ಕಿನ ಪುಟವನ್ನು ನಾಲ್ಕು ಭಾಗ ಮಾಡಿಸಿ ‘ದತ್ತ, ಕೇಳಿರುವುದು, ಮಾಡುವ ವಿಧಾನ, ಪರಿಶೀಲನೆ’ ಎಂದು ತಲೆಬರಹ ಬರೆಸಿದರು.

ಕೆಲವು ವಾರ ಹೀಗೆ ನಡೆಯಿತು. ಪುಸ್ತಕಗಳು ನೋಡಲು ಚಂದವಾದವು. ಒಂದು ದಿನ ಅವರು ಕೂತು ತಿದ್ದುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಲೆಕ್ಕವನ್ನು ಅರ್ಧಕ್ಕೇ ಬಿಟ್ಟಿದ್ದ ಹುಡುಗನ ಪುಸ್ತಕದಲ್ಲೂ ‘ಪರಿಶೀಲನೆ’ಯ ಕೆಳಗೆ ‘ಸರಿಯಾಗಿದೆ’ ಎಂದು ಬರೆದಿತ್ತು. ವಿಚಾರಿಸಿದರೆ, ತಲೆಬರಹ ಬರೆಯುವಾಗಲೇ ನಾಲ್ಕೂ ಕಡೆ ತುಂಬಬಹುದಾದುದನ್ನು ತುಂಬಿಬಿಡುವುದು ತರಗತಿಯ ರೂಢಿಯಾಗಿತ್ತು. ‘ದತ್ತ’ದ ಕೆಳಗೆ ಸಂಖ್ಯೆಗಳು, ‘ಕೇಳಿರುವುದು’ ಕೆಳಗೆ ಹೇಳಿಕೆಯ ಕೊನೆಯ ವಾಕ್ಯದ ನಕಲು. ‘ಮಾಡುವ ವಿಧಾನ’ ಮಾತ್ರ ಖಾಲಿ. ಅಲ್ಲಿಗೆ ಬಂದಾಗ ಮತ್ತೆ ಅದೇ: “ಮಿಸ್, ಕೂಡಬೇಕೋ ಕಳೆಯಬೇಕೋ?”

ಪೋಲ್ಯಾನ ಹಂತಗಳಲ್ಲಿ ದೋಷವಿದೆ ಎನ್ನಲಾರೆ. ಆದರೆ ಅವು ಯೋಚಿಸುವವನ ಮನಸ್ಸಿನಲ್ಲಿ ನಡೆಯುವುದಕ್ಕೆ ಇಟ್ಟ ಹೆಸರುಗಳು, ತುಂಬಬೇಕಾದ ನಮೂನೆಯ ಕಲಮುಗಳಲ್ಲ. ಇಲಾಖೆಯ ನಮೂನೆಗಳನ್ನು ತುಂಬಿ ತುಂಬಿ ಪಳಗಿದ ನಮಗೆ ಈ ವ್ಯತ್ಯಾಸ ಬೇಗ ಹೊಳೆಯಬೇಕಿತ್ತು ಎಂದು ಸುಮಿತ್ರಾ ಚಟಾಕಿ ಹಾರಿಸಿದರು. ನಾಲ್ಕು ಕಲಮಿನ ಪುಟವನ್ನು ಆಗಸ್ಟ್ ಮುಗಿಯುವ ಹೊತ್ತಿಗೆ ಕೈಬಿಟ್ಟರು.

ಸಂಖ್ಯೆ ತೆಗೆದರೆ ಏನಾಗುತ್ತದೆ

ಮುಂದಿನ ನಿರ್ಧಾರ ಈ ಪ್ರಕರಣದ ಮುಖ್ಯ ತಿರುವು. ಮಕ್ಕಳು ಹೇಳಿಕೆಯನ್ನು ಹಾರಿ ಸಂಖ್ಯೆಗೆ ಕೈಹಾಕುತ್ತಾರಾದರೆ ಸಂಖ್ಯೆಗಳನ್ನೇ ತೆಗೆದುಬಿಡೋಣ, ಪ್ರಶ್ನೆಯನ್ನೂ ತೆಗೆದುಬಿಡೋಣ. ಕೂಡಲೂ ಕಳೆಯಲೂ ಏನೂ ಇಲ್ಲದಾಗ ಉಳಿಯುವುದು ಏನು ನಡೆಯುತ್ತಿದೆ ಎಂಬುದಷ್ಟೇ. ಅದರ ಜೊತೆಗೇ ಬಂದ ಇನ್ನೊಂದು ನಿರ್ಧಾರ ಇದಕ್ಕಿಂತ ಕಷ್ಟದ್ದು: ನಲವತ್ತು ನಿಮಿಷದ ಅವಧಿಗೆ ಒಂದೇ ಲೆಕ್ಕ.

ಮೊದಲ ದಿನ ಹಲಗೆಯ ಮೇಲೆ ಬಂದದ್ದು ಇಷ್ಟು: ‘ಒಬ್ಬ ರೈತ ಈರುಳ್ಳಿ ಚೀಲಗಳನ್ನು ಮಾರುಕಟ್ಟೆಗೆ ಒಯ್ದ. ಕೆಲವು ಮಾರಾಟವಾದವು. ಕೆಲವು ಕೊಳೆತಿದ್ದವು. ಉಳಿದವನ್ನು ಊರಿಗೆ ವಾಪಸು ತಂದ.’ ಅಷ್ಟೇ. ಎಂದಿನ ಪ್ರಶ್ನೆ ಎದ್ದಿತು, ಆದರೆ ನಡುವೆಯೇ ನಿಂತಿತು. ಕೂಡುವುದಾದರೂ ಏನನ್ನು?

“ಇದರಲ್ಲಿ ಏನೇನು ಕೇಳಬಹುದು?” ಎಂದು ಸುಮಿತ್ರಾ ಕೇಳಿದರು. ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬ, “ಚೀಲಕ್ಕೆ ಎಷ್ಟು ರೇಟು ಸಿಕ್ಕಿತು?” ಎಂದ. ಇನ್ನೊಬ್ಬಳು ಲಾರಿ ಬಾಡಿಗೆ ಎಷ್ಟು ಎಂದಳು. ಹಮಾಲಿ, ತೂಕ, ಕಮಿಷನ್ ಎಲ್ಲವೂ ಬಂದವು. ನಾನು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕೊನೆಯ ಬೆಂಚಿನ ಬಸವರಾಜ ಎದ್ದು ನಿಂತ. “ಇದು ಸುಳ್ಳು ಮಿಸ್. ಈರುಳ್ಳಿಯನ್ನು ಯಾರೂ ವಾಪಸು ತರುವುದಿಲ್ಲ. ಬಾಡಿಗೆ ಇನ್ನೂ ಮೈಮೇಲೆ ಬರುತ್ತದೆ. ಬಂದಷ್ಟಕ್ಕೆ ಕೊಟ್ಟು ಬರುತ್ತಾರೆ, ಇಲ್ಲವೇ ಅಲ್ಲೇ ಸುರಿದು ಬರುತ್ತಾರೆ.”

ತರಗತಿಯಲ್ಲಿ ಹೀಗೆ ನಡೆದಾಗ ಶಿಕ್ಷಕರ ಮುಂದೆ ಎರಡು ದಾರಿ ಇರುತ್ತವೆ. ‘ಇದು ಬರೀ ಲೆಕ್ಕ, ಹಾಗೆಂದುಕೊಂಡು ಮಾಡು’ ಎನ್ನಬಹುದು. ನಮ್ಮಲ್ಲಿ ಹೆಚ್ಚಿನವರು ಹಾಗೆಯೇ ಅನ್ನುತ್ತೇವೆ. ಸುಮಿತ್ರಾ ಡಸ್ಟರ್ ತೆಗೆದುಕೊಂಡು ಕೊನೆಯ ವಾಕ್ಯ ಅಳಿಸಿ, “ಹಾಗಾದರೆ ನೀನೇ ಹೇಳು, ಏನೆಂದು ಬರೆಯಲಿ?” ಎಂದರು. ‘ಉಳಿದವನ್ನು ಕಡಿಮೆ ಬೆಲೆಗೆ ಕೊಟ್ಟು ಬಂದ’ ಎಂದಾಯಿತು. ಆಮೇಲೆ ಸಂಖ್ಯೆಗಳು ಬಂದವು: ಒಯ್ದದ್ದು 48 ಚೀಲ, ಒಳ್ಳೆಯ ಬೆಲೆಗೆ ಹೋದದ್ದು 31, ಕೊಳೆತದ್ದು 5. ಕಡಿಮೆ ಬೆಲೆಗೆ ಕೊಟ್ಟದ್ದೆಷ್ಟು ಎಂಬ ಪ್ರಶ್ನೆಯನ್ನೂ ಮಕ್ಕಳೇ ಕಟ್ಟಿದರು. 12 ಎಂಬ ಉತ್ತರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದಿಷ್ಟು ಮಂದಿ 31ನ್ನೂ 5ನ್ನೂ ಒಂದಾದ ಮೇಲೊಂದು ಕಳೆದರು, ಕೆಲವರು ಮೊದಲು ಕೂಡಿ 36 ಮಾಡಿ ಆಮೇಲೆ ಕಳೆದರು. ಎರಡೂ ಒಂದೇ ಹೇಗೆ ಎಂಬ ಚರ್ಚೆ ನಡೆದಿರುವಾಗಲೇ ಗಂಟೆ ಬಾರಿಸಿತು.

ಲೆಕ್ಕಕ್ಕೆ ವ್ಯವಹಾರದ ಬಟ್ಟೆ ತೊಡಿಸುವುದು ನಮ್ಮ ನೆಲಕ್ಕೆ ಹೊಸದಲ್ಲ. ಕನ್ನಡದಲ್ಲಿ ಗಣಿತ ಬರೆದ ಮೊದಲಿಗರಲ್ಲಿ ಒಬ್ಬನಾದ ರಾಜಾದಿತ್ಯ 12ನೇ ಶತಮಾನದಲ್ಲಿ ತನ್ನ ಕೃತಿಗೆ ‘ವ್ಯವಹಾರಗಣಿತ’ ಎಂದೇ ಹೆಸರಿಟ್ಟ. ಬಟ್ಟೆ ತೊಡಿಸಿದ್ದಷ್ಟೇ ಸಾಲದು, ತೊಟ್ಟವರಿಗೆ ಅದು ಒಪ್ಪುತ್ತದೆಯೇ ಎಂದು ಬಸವರಾಜನಂಥವರನ್ನು ಕೇಳಬೇಕಾಗುತ್ತದೆ.

ಖಾಲಿ ಪುಸ್ತಕದ ದೂರು

ಇದು ಎಲ್ಲರಿಗೂ ಹಿಡಿಸಲಿಲ್ಲ. ಮೊದಲು ಮುಖ ಗಂಟಿಕ್ಕಿದವನು ತರಗತಿಯ ಅತಿ ವೇಗದ ಹುಡುಗ, ಪ್ರದೀಪ. ಕ್ರಿಯೆ ಯಾವುದೆಂದು ಗೊತ್ತಾದರೆ ಎಲ್ಲರಿಗಿಂತ ಮೊದಲು ಮುಗಿಸಿ ಪುಸ್ತಕ ಎತ್ತಿ ಹಿಡಿಯುವುದು ಅವನ ಹೆಮ್ಮೆ. ಹೊಸ ರೀತಿಯಲ್ಲಿ ಮೊದಲು ಮುಗಿಸುವುದಕ್ಕೆ ಬೆಲೆಯೇ ಇರಲಿಲ್ಲ. “ಉತ್ತರ ಗೊತ್ತಾದ ಮೇಲೂ ಏಕೆ ಮಾತಾಡಬೇಕು?” ಎಂದು ಒಮ್ಮೆ ಸಿಡುಕಿದ. ಜಾಣ ಮಕ್ಕಳ ಈ ಅಸಮಾಧಾನವನ್ನು ನಾವು ಲಘುವಾಗಿ ಕಾಣುತ್ತೇವೆ. ಆದರೆ ಅವನು ಕಳೆದುಕೊಂಡದ್ದು ಸಣ್ಣದೇನಲ್ಲ, ತರಗತಿಯಲ್ಲಿ ತನ್ನ ಸ್ಥಾನವನ್ನೇ.

ಅವನ ತಾಯಿ ಶಾಲೆಗೆ ಬಂದರು. ಅವರ ದೂರು ನೇರವಾಗಿತ್ತು: “ಮೇಡಂ, ಮೊದಲೆಲ್ಲ ದಿನಕ್ಕೆ ಎರಡು ಪುಟ ಲೆಕ್ಕ ಇರುತ್ತಿದ್ದವು. ಈಗ ವಾರಕ್ಕೆ ಎರಡು ಪುಟವೂ ಇಲ್ಲ. ಪಾಠ ನಡೆಯುತ್ತಿದೆಯೋ ಇಲ್ಲವೋ?” ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸಭೆಯಲ್ಲೂ ಮಾತು ಬಂತು. ಮುಖ್ಯ ಶಿಕ್ಷಕರಿಗೆ ತಪಾಸಣೆಯ ಚಿಂತೆ. ಮೇಲಿನವರು ಬಂದಾಗ ನೋಡುವುದು ನೋಟ್‌ಬುಕ್ಕನ್ನು, ತಿದ್ದಿದ ಸಹಿಯನ್ನು. ತರಗತಿಯ ಮಾತುಕತೆಗೆ ಸಹಿ ಹಾಕಲಾಗುವುದಿಲ್ಲವಲ್ಲ.

ಇಲ್ಲಿ ಸುಮಿತ್ರಾ ಹಟ ಹಿಡಿಯಲಿಲ್ಲ, ಕೈಬಿಡಲೂ ಇಲ್ಲ. ವಾರಕ್ಕೆ ಎರಡು ಅವಧಿ ಮಾತ್ರ ‘ಒಂದೇ ಲೆಕ್ಕ’ದ್ದು, ಉಳಿದ ದಿನ ಎಂದಿನ ಅಭ್ಯಾಸ ಎಂದು ಒಪ್ಪಂದವಾಯಿತು. ಆ ಒಂದು ಲೆಕ್ಕವನ್ನೂ ಆದಷ್ಟು ಪಠ್ಯಪುಸ್ತಕದಿಂದಲೇ ಆರಿಸಿ, ಹಲಗೆಯ ಮೇಲೆ ಸಂಖ್ಯೆಯ ಜಾಗ ಖಾಲಿ ಬಿಡುವುದು. ಪಾಠಯೋಜನೆಯಲ್ಲಿ ಅದನ್ನು ಆಯಾ ಘಟಕದ ಕಲಿಕಾ ಫಲದ ಅಡಿಯಲ್ಲೇ ಬರೆಯುವುದು. ಈ ಕೊನೆಯ ಕೆಲಸಕ್ಕೆ ನಾನು ಜೊತೆ ಕೂತೆ. ಹೊಸತನ್ನು ಮಾಡುವ ಶಿಕ್ಷಕರಿಗೆ ಮೆಚ್ಚುಗೆಯ ಮಾತಿಗಿಂತ ದಾಖಲೆಯಲ್ಲಿ ಸಿಗುವ ಈ ಬಗೆಯ ರಕ್ಷಣೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಾರಕ್ಕೆ ಎರಡು ಅವಧಿ ಸಾಲುತ್ತಿತ್ತೇ? ಸಾಲುತ್ತಿರಲಿಲ್ಲ. ಆದರೆ ಐದೂ ದಿನ ಬೇಕೆಂದು ಪಟ್ಟು ಹಿಡಿದಿದ್ದರೆ ದಸರಾ ರಜೆಯ ನಂತರ ಒಂದೂ ಉಳಿಯುತ್ತಿರಲಿಲ್ಲ.

ಪ್ರದೀಪನಿಗೆ ಒಂದು ಕೆಲಸ ಕೊಟ್ಟರು. ಉತ್ತರ ಮೊದಲು ಬಂದರೆ ಅದನ್ನು ಹೇಳದೆ, ಅದೇ ಉತ್ತರ ಬರುವ ಇನ್ನೊಂದು ಹೇಳಿಕೆ ಲೆಕ್ಕವನ್ನು ಅವನು ಬರೆಯಬೇಕು. ಅವನು ಮೊದಮೊದಲು ಬರೆದವೆಲ್ಲ ‘ಒಂದು ಅಂಗಡಿಯಲ್ಲಿ ಇಷ್ಟು ಪೆನ್ನು’ ಮಾದರಿಯವೇ. ತನ್ನ ಲೆಕ್ಕವನ್ನು ಬೇರೆಯವರು ಸುಲಭವಾಗಿ ಬಿಡಿಸಿಬಿಟ್ಟಾಗ ಕಿಚ್ಚು ಹತ್ತಿತು, ಬೇಕಿಲ್ಲದ ಸಂಖ್ಯೆಗಳನ್ನು ಒಳಗೆ ಸೇರಿಸಿ ದಾರಿ ತಪ್ಪಿಸಲು ಶುರು ಮಾಡಿದ. ಅದರಿಂದ ಬೇರೆಯವರಿಗೂ ಲಾಭವಾಯಿತು.

ಪಟ್ಟಿಯ ಚಿತ್ರಗಳು

ಹೋಲಿಕೆಯ ಲೆಕ್ಕಗಳು ಮಾತ್ರ ಬಗ್ಗಲಿಲ್ಲ. ಗೋಲಿಯ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಕೊಟ್ಟರೂ ‘ಹೆಚ್ಚು’ ಕಂಡೊಡನೆ ಕೂಡುವುದು ನಿಲ್ಲಲಿಲ್ಲ. ಈ ಬಗೆಯ ಲೆಕ್ಕದಲ್ಲಿ ಹೇಳಿಕೆಯ ಮಾತು ಒಂದು ಕಡೆ ಎಳೆದರೆ ಮಾಡಬೇಕಾದ ಕ್ರಿಯೆ ಇನ್ನೊಂದು ಕಡೆ ಇರುತ್ತದೆ. ದೊಡ್ಡವರೂ ಇಲ್ಲಿ ಎಡವುತ್ತಾರೆ.

ಸಿಂಗಪುರದ ಪ್ರಾಥಮಿಕ ಶಾಲೆಗಳಲ್ಲಿ 1980ರ ದಶಕದಿಂದ ಬಳಕೆಯಲ್ಲಿರುವ ಪಟ್ಟಿ ಚಿತ್ರದ ಪದ್ಧತಿಯನ್ನು ನಾವು ಆಗ ತಂದೆವು. ಹೆಚ್ಚಿನ ವಿದ್ಯೆ ಬೇಡ. ಪ್ರತಿ ಪ್ರಮಾಣಕ್ಕೂ ಒಂದು ಉದ್ದನೆಯ ಪಟ್ಟಿ, ದೊಡ್ಡದಕ್ಕೆ ದೊಡ್ಡದು, ಚಿಕ್ಕದಕ್ಕೆ ಚಿಕ್ಕದು, ಒಂದರ ಕೆಳಗೊಂದು. ಗೋಲಿಯ ಲೆಕ್ಕಕ್ಕೆ ಮಂಜುಳಾ ಹಲಗೆಗೆ ಬಂದಳು. ರವಿಯ ಪಟ್ಟಿ ಎಳೆದಳು, ಅದರಲ್ಲಿ 23 ಬರೆದಳು. ಗೀತಾಳದನ್ನು ಎಳೆಯಲು ಸೀಮೆಸುಣ್ಣ ಇಟ್ಟವಳು ಅಲ್ಲೇ ನಿಂತಳು. ರವಿಯ ಪಟ್ಟಿಗಿಂತ ಮುಂದಕ್ಕೆ ಎಳೆಯಬೇಕೋ ಹಿಂದೆಯೇ ನಿಲ್ಲಿಸಬೇಕೋ? ಹಲಗೆಯ ಮೇಲಿದ್ದ ಹೇಳಿಕೆಯನ್ನು ಇನ್ನೊಮ್ಮೆ ಓದಿಕೊಂಡಳು, ತುಟಿ ಅಲ್ಲಾಡುತ್ತಿತ್ತು. “ಹೆಚ್ಚು ಇರುವುದು ರವಿಗೆ” ಎಂದು ತನಗೆ ತಾನೇ ಹೇಳಿಕೊಂಡು ಗೀತಾಳ ಪಟ್ಟಿಯನ್ನು ಚಿಕ್ಕದಾಗಿ ಎಳೆದಳು, ಉಳಿದ ತುಂಡಿಗೆ 8 ಎಂದು ಗುರುತು ಹಾಕಿದಳು. ಆಮೇಲೆ 15 ಬರೆಯುವುದು ಅವಳಿಗೆ ಲೆಕ್ಕವೇ ಆಗಿರಲಿಲ್ಲ.

ಚಿತ್ರ ಮಾಡಿದ್ದು ಇಷ್ಟೇ: ಕ್ರಿಯೆ ಆರಿಸುವ ಮೊದಲು ಯಾರಿಗೆ ಹೆಚ್ಚು ಎಂದು ತೀರ್ಮಾನಿಸದೆ ಕೈ ಮುಂದೆ ಸಾಗದಂತೆ ತಡೆದದ್ದು. ಆ ತಡೆಯೇ ಬೇಕಾಗಿದ್ದುದು.

ಆದರೆ ನವೆಂಬರ್ ಹೊತ್ತಿಗೆ ಪಟ್ಟಿಯೂ ನಾಲ್ಕು ಕಲಮುಗಳ ಹಾದಿ ಹಿಡಿಯಿತು. ಸುತ್ತಳತೆಯ ಲೆಕ್ಕಕ್ಕೂ ಪಟ್ಟಿ, ಬಸ್ಸಿನ ವೇಳೆಯ ಲೆಕ್ಕಕ್ಕೂ ಪಟ್ಟಿ. ಚಿತ್ರ ಬರೆದರೆ ಒಂದು ಅಂಕ ಸಿಗುತ್ತದೆ ಎಂಬ ಸುದ್ದಿ ತರಗತಿಯಲ್ಲಿ ಹರಡಿತ್ತು. ಉತ್ತರ ಬರೆದಾದ ಮೇಲೆ ಅದಕ್ಕೆ ಹೊಂದುವ ಪಟ್ಟಿಯನ್ನು ಸ್ಕೇಲಿಟ್ಟು ಬಣ್ಣ ತುಂಬಿ ಬಿಡಿಸುವವರೂ ಇದ್ದರು. ಸುಮಿತ್ರಾ ಪಟ್ಟಿಯನ್ನು ನಿಷೇಧಿಸಲಿಲ್ಲ. ಚಿತ್ರಕ್ಕೆ ಕೊಡುತ್ತಿದ್ದ ಅಂಕ ತೆಗೆದರು, ಬದಲಿಗೆ ಒಂದು ನಿಯಮ ತಂದರು: ನಿನ್ನ ಚಿತ್ರವನ್ನು ನೀನು ವಿವರಿಸಬಾರದು, ಪಕ್ಕದವರು ವಿವರಿಸಬೇಕು. “ಇದರಲ್ಲಿ ರವಿ ಎಲ್ಲಿದ್ದಾನೆ? ಈ ತುಂಡು ಯಾರದು?” ಎಂಬ ಪ್ರಶ್ನೆಗೆ ಪಕ್ಕದವರು ಹೇಳಲಾರದ ಚಿತ್ರ ಹಲಗೆಯಿಂದ ಇಳಿಯುತ್ತಿತ್ತು. ಬಣ್ಣ ತುಂಬುವುದು ತಾನಾಗಿ ನಿಂತಿತು. ಕೆಲವು ಮಕ್ಕಳು ಪಟ್ಟಿ ಬಿಟ್ಟು ತಮ್ಮದೇ ಗುರುತುಗಳಿಗೆ ಇಳಿದರು, ಒಬ್ಬ ಬಸ್ಸಿನ ಲೆಕ್ಕಕ್ಕೆ ಗಡಿಯಾರದ ಮುಖ ಬರೆದ.

ಟ್ರ್ಯಾಕ್ಟರಿನ ಆರು ಮೂಟೆ

ನನ್ನ ಟಿಪ್ಪಣಿ ಪುಸ್ತಕದಲ್ಲಿ ಅತಿ ಹೆಚ್ಚು ಪುಟ ಹಿಡಿದಿರುವ ಪಾಠ ಡಿಸೆಂಬರಿನದು. ಹೇಳಿಕೆ ಹೀಗಿತ್ತು: ‘246 ಮೂಟೆ ಮೆಕ್ಕೆಜೋಳವನ್ನು ಗೋದಾಮಿಗೆ ಸಾಗಿಸಬೇಕು. ಟ್ರ್ಯಾಕ್ಟರಿಗೆ ಒಂದು ಸಲಕ್ಕೆ 60 ಮೂಟೆ ಹೇರುತ್ತಾರೆ. ಎಷ್ಟು ಸಲ ಹೋಗಬೇಕು?’

ಇದಕ್ಕೂ ಒಂದು ಪೂರ್ವಿಕ ಇದೆ. ಅಮೆರಿಕದಲ್ಲಿ 1983ರಲ್ಲಿ ಬಂದ ರಾಷ್ಟ್ರೀಯ ಮೌಲ್ಯಮಾಪನದ ವರದಿಯಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ್ದ ಒಂದು ಪ್ರಶ್ನೆ: ಒಂದು ಬಸ್ಸಿಗೆ 36 ಸೈನಿಕರಂತೆ 1128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ಹತ್ತರಲ್ಲಿ ಏಳು ಮಂದಿ ಭಾಗಾಕಾರವನ್ನು ಸರಿಯಾಗಿಯೇ ಮಾಡಿದ್ದರು. 32 ಬಸ್ಸು ಎಂದವರು ನಾಲ್ವರಲ್ಲಿ ಒಬ್ಬರೂ ಇರಲಿಲ್ಲ. ಬಹಳ ಮಂದಿಯ ಉತ್ತರ ‘31, ಶೇಷ 12’. ಶೇಷ ಹನ್ನೆರಡು ಬಸ್ಸು ಎಂದರೇನೋ!

ನಮ್ಮ ತರಗತಿಯಲ್ಲೂ ಮೊದಲು ‘4, ಶೇಷ 6’ ಬಂತು. ಆದರೆ ಅಷ್ಟು ಹೊತ್ತಿಗೆ ಮಕ್ಕಳೇ ಪರಸ್ಪರ ಪೀಡಿಸುವುದನ್ನು ಕಲಿತಿದ್ದರು. “ಶೇಷ ಆರು ಏನು? ಆರು ಸಲವೋ, ಆರು ಮೂಟೆಯೋ?” ಎಂದು ಯಾರೋ ಕೇಳಿದರು. ಆರು ಮೂಟೆ ಕಣದಲ್ಲೇ ಉಳಿಯುತ್ತದೆ, ಹಾಗಾಗಿ ಇನ್ನೊಂದು ಸಲ ಹೋಗಬೇಕು, ಐದು ಸಲ ಎಂದು ಪ್ರದೀಪ ಮುಗಿಸಿದ. ಪಾಠಯೋಜನೆಯ ಪ್ರಕಾರ ಪಾಠ ಅಲ್ಲಿಗೆ ಮುಗಿಯಬೇಕು.

ಬಸವರಾಜ ಒಪ್ಪಲಿಲ್ಲ. “ಆರು ಮೂಟೆಗೆ ಯಾರು ಡೀಸೆಲ್ ಸುಡುತ್ತಾರೆ? ಒಂದೊಂದು ಸಲಕ್ಕೆ ಒಂದೆರಡು ಮೂಟೆ ಜಾಸ್ತಿ ಹಾಕುತ್ತಾರೆ. ನಾಲ್ಕೇ ಸಲ.” ಪ್ರದೀಪ, “60 ಎಂದು ಬರೆದಿದೆ” ಎಂದ. “ಬರೆದಿರುವುದು 60 ಹೇರುತ್ತಾರೆ ಎಂದು. ಅದಕ್ಕಿಂತ ಹೆಚ್ಚು ಹೇರಬಾರದು ಎಂದು ಎಲ್ಲಿ ಬರೆದಿದೆ?” ಎಂದ ಬಸವರಾಜ. ನಾನು ಹೇಳಿಕೆಯನ್ನು ಮತ್ತೆ ಓದಿದೆ. ಎಲ್ಲೂ ಬರೆದಿರಲಿಲ್ಲ.

ಸುಮಿತ್ರಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಐದೇ ಸರಿ ಎಂದರೆ ಸೆಪ್ಟೆಂಬರಿನಿಂದ ಕಟ್ಟಿದ್ದನ್ನು ಅವರೇ ಕೆಡವಿದಂತೆ. ನಾಲ್ಕೂ ಸರಿ ಎಂದು ಸುಮ್ಮನೆ ಬಿಟ್ಟರೆ ಯಾವ ಉತ್ತರವಾದರೂ ನಡೆಯುತ್ತದೆ ಎಂಬ ಅರ್ಥ ಬರುತ್ತದೆ, ಪರೀಕ್ಷೆಯಲ್ಲಿ ಹುಡುಗನ ಅಂಕವೂ ಹೋಗುತ್ತದೆ. ಅವರು ಬಸವರಾಜನಿಗೆ, “ನಾಲ್ಕೇ ಸಲ ಎಂದೆಯಲ್ಲ, ಯಾವ ಸಲಕ್ಕೆ ಎಷ್ಟು ಮೂಟೆ ಎಂದು ತೋರಿಸು” ಎಂದರು. ಅವನು ಹಲಗೆಯ ಮೇಲೆ 62, 62, 61, 61 ಎಂದು ಬರೆದು ಕೂಡಿ 246 ತೋರಿಸಿದ. ಎರಡು ಅಂಕಿಗಳ ಭಾಗಾಕಾರದಲ್ಲಿ ಸದಾ ತಪ್ಪುತ್ತಿದ್ದ ಹುಡುಗ ಆರನ್ನು ನಾಲ್ಕರಲ್ಲಿ ಹಂಚಿದ್ದು ಬಾಯಿಲೆಕ್ಕದಲ್ಲಿ.

ಆಮೇಲೆ ಹಲಗೆಯ ಮೇಲೆ ಎರಡು ಸಾಲು ಬಂದವು. ‘60ಕ್ಕಿಂತ ಹೆಚ್ಚು ಹೇರುವಂತಿಲ್ಲ ಎಂದಾದರೆ 5 ಸಲ. ಒಂದೆರಡು ಹೆಚ್ಚು ಹೇರಬಹುದು ಎಂದಾದರೆ 4 ಸಲ.’ ಜೊತೆಗೆ ಸುಮಿತ್ರಾ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು: ಪರೀಕ್ಷೆಯಲ್ಲಿ ಕೇಳಿದರೆ 5 ಎಂದು ಬರೆಯಿರಿ, ಪರೀಕ್ಷೆಯ ಪ್ರಶ್ನೆಗಳು 60ನ್ನು ಗರಿಷ್ಠ ಎಂದೇ ಭಾವಿಸುತ್ತವೆ, ಬಸವರಾಜ ಕೇಳಿದ್ದು ಸರಿಯಾದ ಪ್ರಶ್ನೆ, ಪ್ರಶ್ನೆಪತ್ರಿಕೆಗೆ ಅದನ್ನು ಕೇಳಲು ಆಗುವುದಿಲ್ಲ, ಅಷ್ಟೇ. ಶಾಲೆಯ ಲೆಕ್ಕಕ್ಕೂ ಊರಿನ ಲೆಕ್ಕಕ್ಕೂ ಬೇರೆ ಬೇರೆ ಕಟ್ಟಳೆಗಳಿವೆ ಎಂದು ಮಕ್ಕಳಿಗೆ ಹೀಗೆ ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಳದೆ ಹೋದರೆ ಶಾಲೆಯಲ್ಲಿ ಊರಿನ ಬುದ್ಧಿಯನ್ನು ಬಾಗಿಲಾಚೆ ಬಿಟ್ಟು ಬರಬೇಕು ಎಂದು ಮಕ್ಕಳೇ ಊಹಿಸಿಕೊಳ್ಳುತ್ತಾರೆ.

ಫಲಿತಾಂಶ

ಅಂಕಗಳ ಭಾಷೆಯಲ್ಲಿ ಹೇಳುವುದಾದರೆ ಕಥೆ ಅಷ್ಟು ಹೊಳಪಿನದಲ್ಲ. ದಸರಾ ರಜೆಗೆ ಮುಂಚಿನ ಮೊದಲ ಸಂಕಲನಾತ್ಮಕ ಮೌಲ್ಯಮಾಪನದಲ್ಲಿ, ಅಂದರೆ ಎಸ್‌ಎ–1ರಲ್ಲಿ, ತರಗತಿಯ ಸರಾಸರಿ ಏರಲಿಲ್ಲ, ಕೆಲವರದು ಇಳಿಯಿತು. ನಿಧಾನವಾಗಿ ಓದುವುದನ್ನು ಕಲಿತ ಮಕ್ಕಳಿಗೆ ಸಮಯ ಸಾಲದೆ ಕೊನೆಯ ಪ್ರಶ್ನೆಗಳು ಉಳಿದವು. ಆ ವಾರ ಸುಮಿತ್ರಾ ಕೈಚೆಲ್ಲುವ ಹಂತಕ್ಕೆ ಬಂದಿದ್ದರು. ಖಾಲಿ ಬಿಟ್ಟ ಪ್ರಶ್ನೆಗಳನ್ನು ಬದಿಗಿಟ್ಟು, ಮಾಡಿದ ಹೇಳಿಕೆ ಲೆಕ್ಕಗಳಲ್ಲಿ ಎಷ್ಟು ಸರಿ ಎಂದು ಪತ್ರಿಕೆಗಳನ್ನು ಇನ್ನೊಮ್ಮೆ ತಿರುವಿದಾಗ ಮುಂದುವರಿಯುವ ಧೈರ್ಯ ಬಂತು. ತಪ್ಪುಗಳ ಜಾತಿ ಬದಲಾಗಿತ್ತು. ಎಲ್ಲಿಂದಲೋ ಬಂದ ಉತ್ತರಗಳು ಕಡಿಮೆಯಾಗಿ, ದಾರಿ ಸರಿಯಿದ್ದು ಕೊನೆಯಲ್ಲಿ ಕೈತಪ್ಪಿದವು ಹೆಚ್ಚಾಗಿದ್ದವು.

ಮಾರ್ಚಿನ ಎಸ್‌ಎ–2 ಹೊತ್ತಿಗೆ ಹೋಲಿಕೆಯ ಲೆಕ್ಕಗಳಲ್ಲಿ, ಶೇಷ ಉಳಿಯುವ ಭಾಗಾಕಾರದ ಲೆಕ್ಕಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಭಿನ್ನರಾಶಿಯಲ್ಲಿ ಏನೂ ಆಗಲಿಲ್ಲ. ಅಲ್ಲಿ ಹೇಳಿಕೆ ಅರ್ಥವಾದರೂ ಅರ್ಧ, ಕಾಲುಗಳನ್ನು ದಾಟಿದ ಭಿನ್ನರಾಶಿಯೇ ಮಕ್ಕಳಿಗೆ ಹಿಡಿತಕ್ಕೆ ಸಿಕ್ಕಿರಲಿಲ್ಲ. ಸಮಸ್ಯೆ ಬಿಡಿಸುವುದನ್ನು ಒಮ್ಮೆ ಕಲಿತರೆ ಎಲ್ಲ ಕಡೆಗೂ ಆಗುತ್ತದೆ ಎಂದು ನಂಬುವವರು ಇದನ್ನು ಗಮನಿಸಬೇಕು. ವಿಷಯವೇ ಗೊತ್ತಿಲ್ಲದ ಕಡೆ ಜಾಣ್ಮೆ ಊರುಗೋಲಾಗುವುದಿಲ್ಲ.

ಫೆಬ್ರುವರಿಯಲ್ಲಿ ಕುರಿಗಾಹಿಯ ಪ್ರಶ್ನೆಯ ಇನ್ನೊಂದು ರೂಪವನ್ನು ಕೊಟ್ಟಿದ್ದೆವು: ಬಸ್ಸಿನಲ್ಲಿ 34 ಜನ, ಮುಂದಿನ ನಿಲ್ದಾಣದಲ್ಲಿ 9 ಜನ ಹತ್ತಿದರು, ಚಾಲಕನ ವಯಸ್ಸೆಷ್ಟು? ತರಗತಿ ಗೊಳ್ಳೆಂದು ನಕ್ಕಿತು. ನಾವು ಖುಷಿಪಟ್ಟೆವು. ಖುಷಿ ಒಂದು ವಾರವೂ ಉಳಿಯಲಿಲ್ಲ. ಎರಡು ಹಂತದ, ಆದರೆ ಪೂರ್ತಿ ಬಿಡಿಸಬಹುದಾದ ಒಂದು ಲೆಕ್ಕಕ್ಕೆ ಏಳೆಂಟು ಮಕ್ಕಳು ‘ಮಾಹಿತಿ ಸಾಲದು’ ಎಂದು ಬರೆದು ಪೆನ್ನು ಮುಚ್ಚಿಟ್ಟರು. ಮೆಚ್ಚುಗೆ ಸಿಕ್ಕ ಉತ್ತರವನ್ನು ಮಕ್ಕಳು ಮತ್ತೆ ಬಳಸುತ್ತಾರೆ, ಅದು ಸಂಕಲನವೇ ಆಗಿರಲಿ, ಪಟ್ಟಿಯೇ ಆಗಿರಲಿ, ಸಂದೇಹವೇ ಆಗಿರಲಿ. ‘ಸಾಲದು’ ಎಂದವರು ಇನ್ನೇನು ಗೊತ್ತಾಗಿದ್ದರೆ ಸಾಲುತ್ತಿತ್ತು ಎಂದೂ ಬರೆಯಬೇಕು ಎಂಬ ಷರತ್ತು ಆಮೇಲೆ ಬಂತು.

ಸಮೂಹದ ಇನ್ನೊಂದು ಶಾಲೆಯವರು ಸಮಾಲೋಚನಾ ಸಭೆಯಲ್ಲಿ ಇದನ್ನು ಕೇಳಿ, ಸಂಖ್ಯೆಯಿಲ್ಲದ ಹೇಳಿಕೆಗಳ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ ಹಂಚಿದರು. ಮಕ್ಕಳು ಖಾಲಿ ಜಾಗಗಳಿಗೆ ಮನಸ್ಸಿಗೆ ಬಂದ ಸಂಖ್ಯೆ ತುಂಬಿ, ಕೂಡಿ, ತಿದ್ದಲು ಕೊಟ್ಟರು. ಅಲ್ಲಿನ ಶಿಕ್ಷಕರು ಇದು ನಮ್ಮ ಮಕ್ಕಳಿಗಲ್ಲ ಎಂದು ನಿಲ್ಲಿಸಿದರು. ಅವರನ್ನು ದೂರಲಾರೆ. ನಾನು ಸಭೆಯಲ್ಲಿ ಹೇಳಲು ಸಿಕ್ಕದ್ದು ಹದಿನೈದು ನಿಮಿಷ. ಅಷ್ಟರಲ್ಲಿ ಹಾಳೆಯನ್ನು ತೋರಿಸಬಹುದೇ ಹೊರತು ಸುಮಿತ್ರಾ ಡಸ್ಟರ್ ಎತ್ತಿಕೊಂಡ ಗಳಿಗೆಯನ್ನಲ್ಲ. ಹಾಗಾಗಿ ಈಗ ಸಭೆಯಲ್ಲಿ ವಿಧಾನದ ಹೆಸರನ್ನೇ ಎತ್ತುವುದಿಲ್ಲ. ಒಂದು ಹೇಳಿಕೆ ಲೆಕ್ಕ, ಅದಕ್ಕೆ ಮಕ್ಕಳು ಕೊಟ್ಟ ಮೂರು ಉತ್ತರಗಳನ್ನು ಮುಂದಿಟ್ಟು, ಇವರಿಗೆ ಮುಂದಿನ ಪ್ರಶ್ನೆ ಏನು ಕೇಳುತ್ತೀರಿ ಎಂದು ಶಿಕ್ಷಕರನ್ನು ಕೇಳುತ್ತೇವೆ. ಬಸವರಾಜನ 4ಕ್ಕೆ ಅಂಕ ಕೊಡಬೇಕೋ ಬೇಡವೋ ಎಂಬುದರ ಮೇಲೆ ಕಳೆದ ಸಭೆಯಲ್ಲಿ ಊಟದ ಹೊತ್ತು ಮೀರಿತು. ಅರ್ಧ ಅಂಕ ಎಂದವರೂ ಇದ್ದರು, ಅದನ್ನು ಯಾವ ಆಧಾರದ ಮೇಲೆ ಎಂದು ಇನ್ನೂ ಹೇಳಿಲ್ಲ.